ಇವಳ ಗುಣ ಎಂತದು?

ಈ ಯುಗಾದಿಗೆ ನಮ್ಮ ಮನೆಯವರು ಹೊಸ ಪಂಚಾಂಗ ತಂದು ನನ್ನ ಕೈಗೆ ಕೊಟ್ಟರು. ಪದ್ಧತಿಯಂತೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ದೇವರ ಮುಂದೆ ಇಡಬೇಕು. ಹಚ್ಚುತ್ತಿದ್ದ ಹಾಗೆ ಅಗ್ಗದ ಕಾಗದದ್ದು, ಹಸಿ ಇಂಕಿನದು, ಅರಿಶಿನದ್ದು ಎಲ್ಲ ವಾಸನೆ ಬೆರೆತು ಮೂಗಿಗೆ ಬಂತು. ಹೊಟ್ಟೆಯೊಳಗೆ ಏನೋ ಚುರುಕ್ಕೆಂದಿತು. ಹಸಿವಲ್ಲ. ಬೇವು-ಬೆಲ್ಲ ತಿಂದು, ಅದರ ಹಿಂದೆಯೇ ನೈವೇದ್ಯದ ಒಬ್ಬಟ್ಟೂ ಇಳಿಸಿದ್ದೆ. ಅದು ಹೊಟ್ಟೆಕಿಚ್ಚು. ಉಳಿದವರಿಗೆ ಪಕ್ಕದ ಮನೆಯ ಮಹಡಿ ನೋಡಿದರೆ, ಓರಗಿತ್ತಿಯ ಹೊಸ ಬಳೆ ನೋಡಿದರೆ ಆಗುವುದು ನನಗೆ ತಿಥಿ-ವಾರ-ನಕ್ಷತ್ರ ನೋಡಿದರೆ ಆಗುತ್ತದೆ. ಇಷ್ಟು ವರ್ಷದ ಮೇಲೂ. ಹಬ್ಬದ ದಿನ ದೇವರ ಮುಂದೆ ಕೂತು ಹೇಳುವ ಮಾತಲ್ಲ ಇದು. ಆದರೆ ದೇವರಿಗೆ ಗೊತ್ತಿಲ್ಲದ್ದೂ ಅಲ್ಲ. ಅದಕ್ಕೇ ನಿಮಗೂ ಹೇಳಿಬಿಡುತ್ತೇನೆ.

ನನ್ನ ಅತ್ತಿಗೆಯಿಂದ ಶುರು ಮಾಡಬೇಕು. ಅತ್ತಿಗೆ ಅಂದರೆ ನಮ್ಮ ಮನೆಯವರ ಅಕ್ಕ. ಶೃಂಗೇರಿಯಲ್ಲಿ ದೇವಸ್ಥಾನಕ್ಕೆ ಹೋಗುವ ಬೀದಿಯಲ್ಲಿ ಅವರದು ಹಣ್ಣುಕಾಯಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ನಾವು ಕೊಪ್ಪದಲ್ಲಿ. ಇಬ್ಬರಿಗೂ ಒಂದೊಂದೇ ಮಗು, ಅವರಿಗೆ ಶ್ರೀನಿಧಿ, ನನಗೆ ಶ್ರುತಿ. ಶ್ರೀನಿಧಿ ಸ್ವಲ್ಪ ದೊಡ್ಡವನು. ಎರಡೂ ಮಕ್ಕಳು ಮಾತು ಬರುವ ಕಾಲಕ್ಕೆ ಮಾತಾಡಲಿಲ್ಲ, ಕರೆದರೆ ತಿರುಗಲಿಲ್ಲ, ಮುಖಕ್ಕೆ ಮುಖ ಕೊಟ್ಟು ನೋಡಲಿಲ್ಲ. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಮೊದಲು ಅವರು ಹೋದರು, ಆಮೇಲೆ ನಾವು ಹೋದೆವು. ಇಬ್ಬರಿಗೂ ಒಂದೇ ಹೆಸರು ಹೇಳಿ ಕಳಿಸಿದರು. ಆಟಿಸಂ.

ನಮ್ಮ ಅತ್ತೆ ಆಗ ಇದ್ದರು. ಅವರಿಗೆ ಈ ಮಾತು ಕೇಳಿಸಿದ್ದೇ ಬೇರೆ.

"ಆಟಿಸಮ್ಮನಾ? ಅದ್ಯಾವ ಊರಿನ ಅಮ್ಮ? ಹರಕೆ ಎಂತಾದ್ರೂ ಬಾಕಿ ಉಳ್ಸಿದ್ರಾ?"

"ಅಮ್ಮ ಅಲ್ಲಮ್ಮ, ಕಾಯಿಲೆಯಂತೆ. ಕಾಯಿಲೆಯೂ ಅಲ್ವಂತೆ. ಅದೊಂದು ರೀತಿಯಂತೆ," ಎಂದರು ನಮ್ಮ ಮನೆಯವರು. ಅವರಿಗೂ ಅಷ್ಟೇ ಅರ್ಥವಾಗಿತ್ತು.

ಅತ್ತೆ ತಲೆಯಾಡಿಸಿದರು. ಆದರೂ ಆ ಶುಕ್ರವಾರ ದೇವರ ಮನೆಯಲ್ಲಿ ಒಂದು ದೀಪ ಹೆಚ್ಚಿಗೆ ಉರಿಯುತ್ತಿತ್ತು. ಕೇಳಿದರೆ, "ಯಾವ್ದಕ್ಕೂ ಇರ್ಲಿ," ಎಂದರು. ನಗಬೇಡಿ. ಆ ದೀಪಕ್ಕೆ ನಾನೂ ಎಣ್ಣೆ ಹಾಕಿದ್ದೇನೆ.

ಅಲ್ಲಿಯವರೆಗೆ ಅತ್ತಿಗೆಯೂ ನಾನೂ ಒಂದೇ ದೋಣಿಯಲ್ಲಿದ್ದೆವು. ಕಷ್ಟಕ್ಕೆ ಜೊತೆಯಿದೆಯಲ್ಲ ಎಂಬ ಸಮಾಧಾನ ನನಗೆ. ಅದೂ ಒಂದು ಸಣ್ಣ ಕೃಪೆ ಎಂದುಕೊಂಡಿದ್ದೆ. ಆಮೇಲೆ ಶ್ರೀನಿಧಿ ದೋಣಿಯಿಂದ ಇಳಿದು ದಡ ಹತ್ತಿಬಿಟ್ಟ. 'ಅಮ್ಮ' ಎಂದು ಬಾಯಿಬಿಟ್ಟು ಕರೆಯದ ಹುಡುಗ ಒಂದು ದಿನ ಅಂಗಡಿಗೆ ಬಂದ ಯಾತ್ರಿಕರಿಗೆ ತಾನಾಗಿ, "ಇವತ್ತು ಪಂಚಮಿ, ಸ್ವಾತಿ ನಕ್ಷತ್ರ," ಎಂದನಂತೆ. ಅಂಗಡಿಯ ಅಟ್ಟದಲ್ಲಿ ಹಳೆಯ ಪಂಚಾಂಗಗಳನ್ನೆಲ್ಲ ಹುರಿ ಕಟ್ಟಿ ಇಟ್ಟಿದ್ದರು. ಹುಡುಗ ಅಲ್ಲಿ ಸುಮ್ಮನೆ ಕೂತಿರುತ್ತಾನೆ, ಗಲಾಟೆಯಿಲ್ಲ ಎಂದು ಬಿಟ್ಟಿದ್ದರಂತೆ. ಅವನು ಅಷ್ಟನ್ನೂ ಓದಿ ಮುಗಿಸಿದ್ದ. ಯಾವ ತಾರೀಕು ಹೇಳಿದರೂ ಸರಿ, ವಾರ, ತಿಥಿ, ನಕ್ಷತ್ರ, ಕೊನೆಗೆ ರಾಹುಕಾಲ ಕೂಡ.

ಸುದ್ದಿ ಹರಡುವುದಕ್ಕೆ ಶೃಂಗೇರಿಗಿಂತ ಒಳ್ಳೆಯ ಊರು ಬೇಕೇ? ದಿನಾ ಹೊಸ ಜನ ಬಸ್ಸಿಳಿಯುತ್ತಾರೆ. ಲಾಡ್ಜಿನವರು ಯಾತ್ರಿಕರಿಗೆ ಹೇಳಿ ಕಳಿಸತೊಡಗಿದರು. ಬಂದವರು ತಮ್ಮ ಹುಟ್ಟಿದ ದಿನ ಹೇಳುವುದು, ಇವನು ನಕ್ಷತ್ರ ಹೇಳುವುದು, ಅವರು ಕೈಮುಗಿಯುವುದು. 'ದೇವರ ಮಗು' ಎಂದರು. ಒಬ್ಬರಂತೂ ಅವನ ಪಾದ ಮುಟ್ಟಲು ಹೋಗಿ, ಅವನು ಕಾಲು ಎಳೆದುಕೊಂಡ ರಭಸಕ್ಕೆ ಕಾಯಿಯ ರಾಶಿ ಉರುಳಿತಂತೆ.

ಇದೆಲ್ಲ ನನಗೆ ಗೊತ್ತಾಗುತ್ತಿದ್ದದ್ದು ಫೋನಿನಲ್ಲಿ. ನಮ್ಮ ಮನೆಯವರಿಗೆ ಟೆಲಿಫೋನ್ ಆಫೀಸಿನಲ್ಲಿ ಕೆಲಸವಾದ್ದರಿಂದ ಬೀದಿಯಲ್ಲಿ ಮೊದಲು ಫೋನು ಬಂದದ್ದು ನಮ್ಮ ಮನೆಗೆ. ಹಾಗಾಗಿ ಹೊಟ್ಟೆಕಿಚ್ಚೂ ಬೇಗ ಬಂತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅತ್ತಿಗೆಯ ಫೋನು. "ಇವತ್ತು ಎಂತಾಯ್ತು ಗೊತ್ತಾ ಮಾರಾಯ್ತಿ..." ನಾನು ಒಂದು ಕೈಯಲ್ಲಿ ಬತ್ತಿ ಹಿಡಿದು 'ಹೂಂ' ಗುಟ್ಟುತ್ತಿದ್ದೆ. ದೀಪ ಹೊತ್ತಿಕೊಳ್ಳುವ ಮೊದಲೇ ನಾನು ಹೊತ್ತಿಕೊಂಡಿರುತ್ತಿದ್ದೆ.

ಅತ್ತೆ ಸಮಾಧಾನ ಹೇಳುತ್ತಿದ್ದರು. ಅವರ ಸಮಾಧಾನವೇ ಹೆಚ್ಚು ಉರಿಯುತ್ತಿತ್ತು. "ಇಂಥ ಮಕ್ಳಿಗೆ ದೇವ್ರು ಒಂದು ಕಿತ್ಕೊಂಡ್ರೆ ಇನ್ನೊಂದು ಕೊಟ್ಟೇ ಕೊಡ್ತಾನೆ ಕಣೆ. ಇವಳಿಗೂ ಎಂತದೋ ಕೊಟ್ಟಿದಾನೆ. ನೀನು ಸರಿಯಾಗಿ ಹುಡುಕ್ಲಿಲ್ಲ." ಬೀರುವಿನ ಬೀಗದಕೈ ಎಲ್ಲೋ ಇಟ್ಟು ಮರೆತವಳಿಗೆ ಹೇಳಿದ ಹಾಗೆ.

ಕಷ್ಟದಲ್ಲೂ ಫಸ್ಟ್ ಕ್ಲಾಸು ಸೆಕೆಂಡ್ ಕ್ಲಾಸು ಇದೆ ಎಂದು ನನಗೆ ತಿಳಿದದ್ದು ಆಗಲೇ. ಶಾರದಾಂಬೆಯ ಮೇಲೂ ಸಿಟ್ಟು ಬಂತು. ಅತ್ತಿಗೆಯ ಮನೆ ದೇವಸ್ಥಾನದ ಹತ್ತಿರ, ನಮ್ಮದು ದೂರ. ಊಟದ ಪಂಕ್ತಿಯ ಹಾಗೆ, ಹತ್ತಿರ ಕೂತವರಿಗೆ ಬಡಿಸಿಕೊಂಡು ತುದಿಗೆ ಬರುವ ಹೊತ್ತಿಗೆ ಪಾಯಸದಲ್ಲಿ ಗೋಡಂಬಿ ಮುಗಿದಿತ್ತು ಎಂದುಕೊಂಡೆ.

ಹಾಗಾದರೆ ಶ್ರುತಿ ಹೇಗಿದ್ದಳು ಎಂದು ನೀವು ಕೇಳುತ್ತೀರಿ. ಎಂಟು ವರ್ಷದ ಹುಡುಗಿ. ಬೆಳ್ಳಗೆ, ದುಂಡಗೆ. ಮಾತು ಬೆರಳೆಣಿಕೆಯದು. ಮಿಕ್ಸಿ ಶುರು ಮಾಡಿದರೆ ಬೀದಿಗೆ ಓಡುತ್ತಿದ್ದಳು. ಅದಕ್ಕೇ ನಮ್ಮ ಮನೆಯಲ್ಲಿ ಬಹಳ ದಿನ ಚಟ್ನಿ ಒರಳಿನಲ್ಲೇ. ಒಗೆದು ಹಿಂಡಿದ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು ಗಂಟೆಗಟ್ಟಲೆ ನಿಲ್ಲುತ್ತಿದ್ದಳು. ಮತ್ತೆ, ಯಾರು ಬಂದರೂ ಹತ್ತಿರ ಹೋಗಿ ಅವರ ಸೆರಗನ್ನೋ ತೋಳನ್ನೋ ಹಿಡಿದು ಮೂಸುತ್ತಿದ್ದಳು. ಅದೊಂದು ಅಭ್ಯಾಸಕ್ಕೆ ನಾನು ಪಟ್ಟ ನಾಚಿಕೆ ಅಷ್ಟಿಷ್ಟಲ್ಲ. ಇದರಲ್ಲಿ ಯಾವುದನ್ನು ನಾನು ಅತ್ತಿಗೆಗೆ ಫೋನಿನಲ್ಲಿ ಹೇಳಲಿ?

ಶಾಲೆಯಲ್ಲಿ ಅವಳಿಗೆ ಜಾಗ ಸಿಕ್ಕಿದ್ದು ಕೂಡ ಶ್ರೀನಿಧಿಯ ಪುಣ್ಯದಿಂದ. ನಮ್ಮ ಮನೆಗೆ ಹತ್ತಿರದ ಶಾಲೆಯವರು ಮೊದಲು ಆಗುವುದಿಲ್ಲ ಎಂದಿದ್ದರು. ಅಲ್ಲಿನ ಹೆಡ್ ಮೇಷ್ಟ್ರು ಒಮ್ಮೆ ದೇವರ ದರ್ಶನಕ್ಕೆ ಹೋದವರು ಅತ್ತಿಗೆಯ ಅಂಗಡಿಯಲ್ಲೇ ಕಾಯಿ ಕೊಂಡರಂತೆ. ಶ್ರೀನಿಧಿ ಅವರ ಮದುವೆಯ ತಾರೀಕು ಕೇಳಿ, ಅವತ್ತಿನ ತಿಥಿ ನಕ್ಷತ್ರ ಹೇಳಿದನಂತೆ. ಮೇಷ್ಟ್ರು ಕೊಪ್ಪಕ್ಕೆ ಬಂದವರೇ ನಮಗೆ ಹೇಳಿ ಕಳಿಸಿದರು. "ನಿಮ್ಮಲ್ಲೂ ಒಂದು ಅಂಥ ಮಗು ಇದೆಯಂತಲ್ಲ. ತಂದು ಕೂರ್ಸಿ. ಇಂಥ ಮಕ್ಳು ಲೆಕ್ಕದಲ್ಲಿ ಹುಲಿ." ಒಳ್ಳೆಯ ಮನುಷ್ಯರು, ಸುಳ್ಳಲ್ಲ. ಆದರೆ ನನಗೆ ಹೊಟ್ಟೆಕಿಚ್ಚಿನ ಮೇಲೆ ಅತ್ತಿಗೆಯ ಮಗನ ಋಣವೂ ಸೇರಿತು.

ಮೊದಲನೆಯ ದಿನವೇ ಮೇಷ್ಟ್ರು ಶ್ರುತಿಯನ್ನು ಕ್ಲಾಸಿನ ಮುಂದೆ ನಿಲ್ಲಿಸಿದರು. "ನಾನು ಹುಟ್ಟಿದ ದಿನ ಹೇಳ್ತೀನಿ, ಯಾವ ವಾರ ಹೇಳು ಪುಟ್ಟಾ." ಶ್ರುತಿ ಅವರ ಹತ್ತಿರ ಹೋದಳು, ಅಂಗಿಯ ತೋಳು ಮೂಸಿದಳು.

"ನುಸಿಗುಳಿಗೆ," ಎಂದಳು.

ಪೆಟ್ಟಿಗೆಯಿಂದ ತೆಗೆದ ಒಳ್ಳೆಯ ಅಂಗಿ ಹಾಕಿಕೊಂಡು ಬಂದಿದ್ದರು ಪಾಪ. ಇಡೀ ಕ್ಲಾಸು ನಕ್ಕಿತು.

ಅವರು ಬಿಡಲಿಲ್ಲ. ದೊಡ್ಡ ದೊಡ್ಡ ಗುಣಾಕಾರ ಕೊಟ್ಟು ನೋಡಿದರು. ಬಣ್ಣದ ಪೆನ್ಸಿಲು ಕೊಟ್ಟರು, ಪೇಪರಿನಲ್ಲಿ ಎಲ್ಲೋ ಓದಿದ್ದರಂತೆ, ಕೆಲವರು ಚಿತ್ರ ಬರೆಯುತ್ತಾರೆ ಎಂದು. ಯಾರದೋ ಮನೆಯಿಂದ ಹಾರ್ಮೋನಿಯಂ ತರಿಸಿದರು. ಹುಲಿ ಎಲ್ಲೂ ಹೊರಬರಲಿಲ್ಲ. ಗೌರಿ ಹಬ್ಬ ಕಳೆದ ಮೇಲೆ ನಮ್ಮ ಮನೆಯವರನ್ನು ಕರೆಸಿ, "ಇವಳು ಆ ತರದವಳಲ್ಲ ಅಂತ ಕಾಣುತ್ತೆ," ಎಂದರು. "ಏನೂ ವಿಶೇಷ ಇಲ್ಲದ ಮೇಲೆ ಇಲ್ಲಿ ಸುಮ್ನೆ ಯಾಕೆ? ಬಯಲುಸೀಮೆ ಕಡೆ ಇಂಥವರಿಗೇ ಅಂತ ಹಾಸ್ಟೆಲ್ ಶಾಲೆ ಇದೆಯಂತೆ. ದಸರಾ ರಜೆ ತನಕ ನೋಡೋಣ. ಆಮೇಲೆ ಅಲ್ಲಿಗೆ ಹಾಕಿ."

ನಮ್ಮ ಮನೆಯವರು ಮನೆಗೆ ಬಂದು ಹೇಳಿದಾಗ ನಾನು ಅಕ್ಕಿ ಆರಿಸುತ್ತಿದ್ದೆ. "ಅಲ್ಲಿ ನೋಡ್ಕೊಳ್ಳೋರು ಇರ್ತಾರೆ. ವರ್ಷಕ್ಕೆ ಎರಡು ಸಲ ಕರ್ಕೊಂಡು ಬರ್ಬೋದು," ಎಂದರು. ಅವರ ಧ್ವನಿಯಲ್ಲೂ ಬಲವಿರಲಿಲ್ಲ. ನನ್ನ ಮಗಳು ರಾತ್ರಿ ನನ್ನ ಸೆರಗಿನ ತುದಿ ಮೂಗಿಗೆ ಒತ್ತಿಕೊಂಡರೆ ಮಾತ್ರ ಮಲಗುವವಳು. ಹಾಸ್ಟೆಲಿನಲ್ಲಿ ಯಾರ ಸೆರಗು? ಅಂದರೆ, ದಸರಾ ರಜೆ ಮುಗಿಯುವುದರೊಳಗೆ ಮೇಷ್ಟ್ರಿಗೆ ತೋರಿಸಲು ಅವಳಲ್ಲಿ ಏನಾದರೂ ಒಂದು ಸಿಗಬೇಕು, ಇಲ್ಲವಾದರೆ ಅವಳು ಹೋಗಬೇಕು. ನನಗೆ ಅರ್ಥವಾದದ್ದು ಅಷ್ಟು.

ಆ ಸಮಯಕ್ಕೇ ನರಸಿಂಹರಾಜಪುರದಲ್ಲಿ ಇಂಥ ಮಕ್ಕಳಿಗೆ ಒಂದು ಶಿಬಿರ ನಡೆಯಿತು. ಅತ್ತಿಗೆ ಶೃಂಗೇರಿಯಿಂದ ಬಂದ ಬಸ್ಸಿಗೆ ನಾನು ಕೊಪ್ಪದಲ್ಲಿ ಹತ್ತಿದೆ. ಬಸ್ಸಿನಲ್ಲಿ ಕಂಡಕ್ಟರ್ ಕೂಡ ಶ್ರೀನಿಧಿಯನ್ನು ಗುರುತಿಸಿ ಮಾತಾಡಿಸಿದ. ಶ್ರುತಿ ನನ್ನ ತೊಡೆಯ ಮೇಲೆ ಮಲಗಿ ಜೊಲ್ಲು ಸುರಿಸುತ್ತಿದ್ದಳು. ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತೆ.

ಶಿಬಿರದಲ್ಲಿ ಒಬ್ಬ ವಯಸ್ಸಾದ ಲೇಡಿ ಡಾಕ್ಟರು. ಸಾಲಿನಲ್ಲಿ ನಾನು ಮುಂದೆ, ಅತ್ತಿಗೆ ಹಿಂದೆ. ಡಾಕ್ಟರು ಶ್ರುತಿಯನ್ನು ಸ್ವಲ್ಪ ಹೊತ್ತು ನೋಡಿದರು, ಅವಳು ಅವರ ಸೆರಗು ಮೂಸಿದ್ದನ್ನೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಮಗಳ ಗುಣ ಹೇಳಿ," ಎಂದರು.

ನಾನು ಹೇಳಿದೆ, "ಗುಣ ಎಂತದೂ ಆಗ್ಲಿಲ್ಲ ಡಾಕ್ಟ್ರೇ. ನಾಟಿ ಔಷಧಿ ಕೊಡ್ಸಿದ್ವಿ. ನಾಗಪ್ರತಿಷ್ಠೆ ಮಾಡ್ಸಿದ್ವಿ. ತಲೆಗೆ ಬ್ರಾಹ್ಮಿ ಎಣ್ಣೆ ದಿನಾ ಹಚ್ತೇನೆ. ಒಂಚೂರೂ ಗುಣ ಇಲ್ಲ."

ಹಿಂದಿದ್ದ ಯಾರೋ ಕಿಸಕ್ಕೆಂದರು. ಡಾಕ್ಟರು ನಗಲಿಲ್ಲ. "ವಾಸಿಯಾಯ್ತಾ ಅಂತ ಕೇಳ್ಲಿಲ್ಲಮ್ಮ. ವಾಸಿಯಾಗೋಕೆ ಇದು ಜ್ವರ ಅಲ್ಲ. ಇವಳ ಗುಣ ಎಂತದು? ಇವಳಲ್ಲಿ ಒಳ್ಳೇದು ಎಂತೆಂತ ಇದೆ?"

ನೋಡಿ, ನಾನು ಬಾಯಿ ಸತ್ತವಳಲ್ಲ. ಅವಳಿಗೆ ಏನು ಬರುವುದಿಲ್ಲ ಎಂದು ಕೇಳಿದ್ದರೆ ವಿಷ್ಣು ಸಹಸ್ರನಾಮದ ಹಾಗೆ ತಡೆಯಿಲ್ಲದೆ ಹೇಳುತ್ತಿದ್ದೆ. ಒಳ್ಳೆಯದು ಎಂದು ಕೇಳಿದ್ದಕ್ಕೆ ನಾಲಿಗೆ ಮೇಲೆ ಏಳಲಿಲ್ಲ. ಕೊನೆಗೆ, "ಇವರ ಮಗನ ಹಾಗೆ ಇವಳಿಗೆ ಎಂತದೂ ಇಲ್ಲ," ಎಂದು ಅತ್ತಿಗೆಯ ಕಡೆ ತೋರಿಸಿದೆ.

"ಅವನ ಹಾಗೆ ಯಾಕಿರ್ಬೇಕು? ನೀವಿಬ್ರೂ ಒಂದೇ ಮನೆತನದೋರಂತೆ. ಒಂದೇ ತರ ಇದೀರಾ?"

ನಾನು ಅತ್ತಿಗೆಯನ್ನು ನೋಡಿದೆ, ಅತ್ತಿಗೆ ನನ್ನನ್ನು ನೋಡಿದರು. ಅವರು ಎತ್ತರ, ನಾನು ಗಿಡ್ಡ. ಅವರು ಸಾರಿಗೆ ಬೆಲ್ಲ ಸುರಿಯುವವರು, ನಾನು ಉಪ್ಪು ಹೆಚ್ಚು ಮಾಡುವವಳು. "ಮುಂದಿನ ಸಲ ಬರುವಾಗ ಅವಳ ಗುಣ ಒಂದಾದ್ರೂ ಹೇಳ್ಬೇಕು ನೀವು," ಎಂದು ಡಾಕ್ಟರು ಕಳಿಸಿದರು. ಹಿಂದೆಯೇ ಅತ್ತಿಗೆಯ ಸರದಿ. ನಾನು ಬಾಗಿಲ ಹೊರಗೆ ಬಂದರೂ ಅವರ ಮಾತು ಕೇಳುತ್ತಿತ್ತು. ಡಾಕ್ಟರು ಸಾಕು ಎಂದರೂ ಮುಗಿಯಲಿಲ್ಲ.

ಡಾಕ್ಟರು ಕೇಳಿದ್ದು ಒಂದು, ನನ್ನ ತಲೆಗೆ ಹೋದದ್ದು ಇನ್ನೊಂದು. ಗುಣ ಎಂದರೆ ನನ್ನ ಮಟ್ಟಿಗೆ ಪಂಚಾಂಗವೇ. ಅಥವಾ ಪಂಚಾಂಗವನ್ನು ಮೀರಿಸುವಂಥದ್ದು. ನವರಾತ್ರಿ ಹತ್ತಿರವಾಗುತ್ತಿತ್ತು. ನಾನು ಮಗಳನ್ನು ಕೂರಿಸಿಕೊಂಡು ಗಣಿ ಅಗೆಯುವವರ ಹಾಗೆ ಅಗೆಯತೊಡಗಿದೆ. ಹೆಸರೇ ಶ್ರುತಿ, ಹಾಡು ಬಂದರೂ ಬಂದೀತು ಎಂದು ಭಜನೆ ಕಲಿಸುವ ಪಕ್ಕದ ಬೀದಿಯ ಸಾವಿತ್ರಕ್ಕನ ಹತ್ತಿರ ಕರೆದುಕೊಂಡು ಹೋದೆ. ಸಾವಿತ್ರಕ್ಕ 'ಸಾ' ಎಂದದ್ದಕ್ಕೇ ಇವಳು ಕಿವಿ ಮುಚ್ಚಿಕೊಂಡಳು. ಸಾವಿತ್ರಕ್ಕನ ಧ್ವನಿಗೆ ನಾನೂ ಎಷ್ಟೋ ಸಲ ಹಾಗೆ ಮಾಡಬೇಕೆಂದುಕೊಂಡದ್ದುಂಟು. ಚಿತ್ರಕ್ಕೆಂದು ಕೊಟ್ಟ ಬಣ್ಣದ ಕಡ್ಡಿಯನ್ನು ಕಚ್ಚಿ ನೋಡಿ ಉಗುಳಿದಳು. ಗೋಡೆಯ ಕ್ಯಾಲೆಂಡರ್ ತೋರಿಸಿ, "ಇದು ಎಂತ ವಾರ?" ಎಂದರೆ ಹಾಳೆಯನ್ನು ಹರಿದು ಕೆನ್ನೆಗೆ ಒತ್ತಿಕೊಂಡಳು. ನಾನು ಬೈದೆ. ಅವಳು ಅತ್ತಳು. ಅತ್ತೆ ಒಳಗಿನಿಂದ, "ಹುಡುಕು, ಹುಡುಕು, ಇದ್ದೇ ಇರುತ್ತೆ," ಎನ್ನುತ್ತಿದ್ದರು.

ಕೊನೆಗೆ ಒಂದು ಸಿಕ್ಕಿತು ಎಂದುಕೊಂಡೆ. ಬೀದಿಯ ಇಂಜಿನಿಯರರ ಹೆಂಡತಿ ಕುಂಕುಮಕ್ಕೆ ಕರೆಯಲು ಬಂದಾಗ ನಾನು ಹಿಟ್ಟಿನ ಕೈಯಲ್ಲಿದ್ದೆ; ಅತ್ತೆ ಅವರಿಗೆ, "ಅವಳು ಮನೇಲಿಲ್ಲ," ಎಂದರು. ಶ್ರುತಿ ಅವರ ಸೆರಗು ಮೂಸುತ್ತಾ ನಿಂತವಳು, "ಅಮ್ಮ ಒಳಗೆ," ಎಂದಳು. ಅದರ ಹಿಂದೆಯೇ, "ಬೆವರು," ಎಂದೂ ಹೇಳಿದಳು. ಆ ಹೆಂಗಸು ಬಹಳ ದಿನ ನಮ್ಮ ಮನೆಗೆ ಬರಲಿಲ್ಲ. ಆದರೆ ನನಗೆ ಹೊಳೆಯಿತು. ನನ್ನ ಮಗಳು ಸುಳ್ಳು ಹೇಳುವುದಿಲ್ಲ. ಸತ್ಯಹರಿಶ್ಚಂದ್ರನ ಗುಣ. ಪಂಚಾಂಗಕ್ಕಿಂತ ಒಂದು ತೂಕ ಹೆಚ್ಚೇ.

ಆ ಸಂಜೆ ಮೊದಲ ಸಲ ನಾನಾಗಿ ಅತ್ತಿಗೆಗೆ ಫೋನು ಮಾಡಿದೆ. ದೊಡ್ಡ ಮನಸ್ಸು ಮಾಡಿ ಅವರ ಮಗನನ್ನೂ ಸೇರಿಸಿಕೊಂಡೆ. "ಅತ್ತಿಗೆ, ಇಂಥ ಮಕ್ಳು ಸುಳ್ಳೇ ಹೇಳೋಲ್ಲ ಅಲ್ದಾ? ಅದೇ ದೊಡ್ಡ ಗುಣ."

ಅತ್ತಿಗೆ ಗೊಳ್ಳೆಂದು ನಕ್ಕರು. "ಯಾರು ಹೇಳಿದ್ದು ನಿಂಗೆ? ನಮ್ಮವ್ನು ದಿನಾ ಹೇಳ್ತಾನೆ. ಸ್ನಾನ ಆಯ್ತೇನೋ ಅಂದ್ರೆ ಆಯ್ತು ಅಂತಾನೆ. ಟವೆಲ್ ನೋಡಿದ್ರೆ ಹಪ್ಪಳದ ಹಾಗೆ ಒಣಗಿರುತ್ತೆ."

ನಕ್ಕು ಮುಗಿಸಿ ಅತ್ತಿಗೆ ಸುಮ್ಮನಾದರು. ಫೋನಿನಲ್ಲಿ ಅವರು ಸುಮ್ಮನಾದದ್ದನ್ನು ನಾನು ಕೇಳಿದ್ದೇ ಇಲ್ಲವಾದ್ದರಿಂದ ಲೈನು ಹೋಯಿತೆಂದು "ಹಲೋ" ಎಂದೆ.

"ಇದೀನಿ," ಎಂದರು. "ನಿಂಗೆ ಒಂದು ಹೇಳ್ಲಾ? ನವರಾತ್ರಿಗೆ ಜನ ಬರೋಕೆ ಶುರುವಾಗಿದೆ. ಇವನು ಮಂಚದ ಅಡಿಗೆ ಹೋಗಿ ಕೂತ್ಕೊಂಡ್ರೆ ಬರೋದೇ ಇಲ್ಲ. ಬಂದೋರು ಬಗ್ಗಿ, ಅಲ್ಲಿಗೇ ತಾರೀಕು ಕೇಳ್ತಾರೆ. ನಾನು ಕರೆಯೋಕೆ ಕೈ ಹಿಡಿದ್ರೆ, ಹಿಡಿದ ಜಾಗ ಒರೆಸ್ಕೊಳ್ತಾನೆ ಕಣೆ. ನಾನು ಮುಟ್ಟಿದ್ದನ್ನ. ಆವತ್ತು ಬಸ್ಸಲ್ಲಿ ನಿನ್ನ ಮಗಳು ನಿನ್ನ ತೊಡೆ ಮೇಲೆ ಜೊಲ್ಲು ಸುರಿಸ್ಕೊಂಡು ಮಲಗಿದ್ಳಲ್ಲ, ನೋಡಿ ನಂಗೆ ಎಂತ ಹೊಟ್ಟೆ ಉರೀತು ಗೊತ್ತಾ ಮಾರಾಯ್ತಿ. ಎನ್.ಆರ್. ಪುರ ಬರೋ ತನಕ ಬೇರೆ ಕಡೆ ನೋಡ್ಲಿಲ್ಲ ನಾನು."

ಇಂಥ ಮಾತು ಕೇಳಿದರೆ ಕರುಣೆ ಉಕ್ಕಬೇಕು. ಉಕ್ಕಿತು, ಇಲ್ಲವೆನ್ನಲಾರೆ. ಆದರೆ ಕರುಣೆಗಿಂತ ಮೊದಲು ಬಂದದ್ದು ಖುಷಿ. ನನ್ನನ್ನು ನೋಡಿಯೂ ಒಬ್ಬರಿಗೆ ಹೊಟ್ಟೆ ಉರಿದಿದೆ! ಅದೂ ಆ ಮನೆಯಲ್ಲಿ! ಫೋನಿಟ್ಟು ಹೋಗಿ ದೀಪ ಹಚ್ಚಿದೆ. ಒಂದೇ ಕಡ್ಡಿಗೆ ಹತ್ತಿತು.

ಆದರೂ ಸತ್ಯದ ಗುಣವನ್ನು ನಾನು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಶ್ರೀನಿಧಿ ಸುಳ್ಳು ಹೇಳಿದರೆ ಹೇಳಲಿ, ಶ್ರುತಿಯದು ಗಟ್ಟಿ. ಮೇಷ್ಟ್ರಿಗೆ ಇದನ್ನೇ ಹೇಳುವುದು ಎಂದು ನಿಶ್ಚಯಿಸಿದ್ದೆ. ಆಯುಧಪೂಜೆಯ ದಿನ ಪಂಚಕಜ್ಜಾಯಕ್ಕೆಂದು ಕುಟ್ಟಿಟ್ಟ ಬೆಲ್ಲ ಕಡಿಮೆಯಾಗಿತ್ತು. ಅಡಿಗೆಮನೆಯ ಮೂಲೆಯಲ್ಲಿ ಶ್ರುತಿ ನಿಂತಿದ್ದಾಳೆ. ತುಟಿ, ಗಲ್ಲ, ಲಂಗದ ಮುಂಭಾಗ ಎಲ್ಲ ಬೆಲ್ಲ.

"ಬೆಲ್ಲ ತಿಂದ್ಯಾ ಪುಟ್ಟಿ?"

ಅವಳು ನನ್ನ ಮುಖ ನೋಡಿದಳು. ನನ್ನ ಮುಖವನ್ನೇ. ಕೈ ಮೆಲ್ಲಗೆ ಬೆನ್ನ ಹಿಂದೆ ಹೋಯಿತು.

"ಇಲ್ಲ," ಎಂದಳು. ಸ್ವಲ್ಪ ಯೋಚನೆ ಮಾಡಿ, "ಅಜ್ಜಿ," ಎಂದಳು.

ಹಲ್ಲಿಲ್ಲದ ಅತ್ತೆಯ ಮೇಲೆ ಹಾಕಿದ್ದಳು ನೋಡಿ! ನಾನು ಅವಳನ್ನು ಎತ್ತಿಕೊಂಡು, ಎಂಟು ವರ್ಷದ ದಪ್ಪ ಹುಡುಗಿಯನ್ನು, ಅಡಿಗೆಮನೆಯಲ್ಲೆಲ್ಲ ತಿರುಗಿದೆ. "ಅತ್ತೆ, ಇವಳು ಸುಳ್ಳು ಹೇಳಿದ್ಲು!" ಎಂದು ಕೂಗಿದೆ. ಅತ್ತೆ ಹೆದರಿ ಬಂದರು. ಸೊಸೆಗೆ ಮೈಮೇಲೆ ಬಂತೆಂದುಕೊಂಡರೋ ಏನೋ. ಆ ಸುಳ್ಳಿನಲ್ಲಿ ಏನೇನಿತ್ತು ಎಂದು ನನಗೆ ಆಗ ಹೇಳಲು ಬರುತ್ತಿರಲಿಲ್ಲ. ಅಮ್ಮ ಬೈದಾಳು ಎಂಬ ಅಂದಾಜಿತ್ತು. ಅಮ್ಮನಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂಬ ಲೆಕ್ಕವಿತ್ತು. ಮೇಷ್ಟ್ರು ಹುಡುಕಿದ ಲೆಕ್ಕ ಅದಲ್ಲ, ಅಷ್ಟೆ.

ಹೀಗೆ ಕಷ್ಟಪಟ್ಟು ಕೂಡಿಟ್ಟ ಒಂದೇ ಒಂದು ಗುಣವೂ ಹೋಯಿತು. ಇನ್ನು ಮೇಷ್ಟ್ರಿಗೆ ತೋರಿಸಲು ನನ್ನ ಕೈಯಲ್ಲಿ ಮಗಳು ಮಾತ್ರ ಉಳಿದಿದ್ದಳು.

ಶಾಲೆ ಮತ್ತೆ ತೆರೆದ ದಿನ ಅವಳಿಗೆ ಒಗೆದ ಲಂಗ ಹಾಕಿಸಿ ಕರೆದುಕೊಂಡು ಹೋದೆ. ನಮ್ಮ ಮನೆಯವರು, "ನೀನು ಎಂತ ಮಾತಾಡ್ತೀಯೆ ಅಲ್ಲಿ? ನಾನೇ ಹೋಗಿ ಟಿ.ಸಿ. ತರ್ತೀನಿ," ಎಂದರು. ನಾನು ಕೇಳಲಿಲ್ಲ. ದಾರಿಯುದ್ದಕ್ಕೂ ಉಳಿದ ಮಕ್ಕಳನ್ನು ನೋಡುತ್ತಾ ನಡೆದೆ. ಅವರ ಅಮ್ಮಂದಿರ ಮೇಲೂ ನನಗೆ ಯಾವಾಗಲೂ ಹೊಟ್ಟೆಕಿಚ್ಚೇ. ಒಂದು ಹುಡುಗ ಮೂಗು ಒರೆಸಿಕೊಳ್ಳುತ್ತಾ ಹೋಗುತ್ತಿದ್ದ. ಇನ್ನೊಬ್ಬಳ ಸ್ಲೇಟು ಒಡೆದಿತ್ತು. ಇಬ್ಬರು ಪೇರಲೆ ಕಾಯಿಗೆ ಜಗಳವಾಡುತ್ತಿದ್ದರು. ದಿನಾ ನೋಡಿದ ಮಕ್ಕಳೇ. ಅವತ್ತು ಮಾತ್ರ ನೋಡುತ್ತಾ ನೋಡುತ್ತಾ ಎದೆ ಸ್ವಲ್ಪ ಹಗುರವಾಯಿತು.

ಮೇಷ್ಟ್ರು ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ. "ಏನಾದ್ರೂ ಸಿಕ್ತಾ ಅಮ್ಮ?" ಎಂದರು. ಅವರಿಗೂ ಆಸೆಯಿತ್ತು.

"ಇಲ್ಲ ಸಾರ್. ಹುಡುಕಿ ಆಯ್ತು. ವಿಶೇಷ ಎಂತದೂ ಇಲ್ಲ."

"ಹಾಗಾದ್ರೆ..."

"ಒಂದು ಕೇಳ್ಲಾ ಸಾರ್? ಈ ಕ್ಲಾಸಿನ ಉಳಿದ ಮಕ್ಳಿಗೆ ಎಂತೆಂತ ವಿಶೇಷ ಇದೆ?"

"ವಿಶೇಷ ಅಂದ್ರೆ?"

"ಪಂಚಾಂಗ ಹೇಳ್ತಾರಾ? ದೊಡ್ಡ ಲೆಕ್ಕ ಬಾಯಲ್ಲೇ ಮಾಡ್ತಾರಾ?"

ಮೇಷ್ಟ್ರು ನಕ್ಕರು. "ಎಲ್ಲಿಂದಮ್ಮ? ಅವು ಸಾಧಾರಣ ಮಕ್ಳು."

"ಇವಳೂ ಸಾಧಾರಣದವಳೇ ಸಾರ್. ಆಟಿಸಂ ಇರೋ ಮಕ್ಳಲ್ಲಿ ಸಾಧಾರಣದವಳು. ಸಾಧಾರಣದ ಮಕ್ಳಿಗೆ ಬೆಂಚು ಇದೆ ಅಂದ್ಮೇಲೆ ಇವಳಿಗೂ ಇರ್ಲಿ."

ಮುಂಚೆ ಯೋಚಿಸಿ ಆಡಿದ ಮಾತಲ್ಲ. ಬಾಯಿಗೆ ಬಂತು, ಆಡಿದೆ. ಶಾರದಾಂಬೆಯೇ ನಾಲಿಗೆಯ ಮೇಲೆ ಕೂತು ಆಡಿಸಿದಳೆಂದು ನಾನು ನಂಬಿದ್ದೇನೆ. ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಶ್ರುತಿ ಅವರ ಮೇಜಿನ ಅಂಚು ಮೂಸುತ್ತಿದ್ದಳು. ಆಮೇಲೆ, "ಮಿಕ್ಸಿ ಶಬ್ದಕ್ಕೆ ಓಡ್ತಾಳೆ ಅಂದಿದ್ರಲ್ಲ, ಬೆಲ್ಲು ಹೊಡೆದ್ರೆ?" ಎಂದು ಕೇಳಿದರು. ಬೆಲ್ಲಿಗೂ ಓಡುತ್ತಾಳೆ ಎಂದೆ. "ಹಾಗಾದ್ರೆ ಬೆಲ್ಲಿನಿಂದ ದೂರದ ಬೆಂಚಲ್ಲಿ ಕೂರ್ಸೋಣ," ಎಂದರು. ಅಷ್ಟೇ. ಹಾಸ್ಟೆಲಿನ ಮಾತು ಮತ್ತೆ ಬರಲಿಲ್ಲ.

ಅವಳು ಆ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಕೂತಳು. ಪವಾಡವೇನೂ ಆಗಲಿಲ್ಲ. ಹೆಸರು ಬರೆಯಲು ಕಲಿತಳು, ಕೆಲವು ದಿನ ಬರೆಯುತ್ತಿದ್ದಳು, ಕೆಲವು ದಿನ ಇಲ್ಲ. ಹುಡುಗಿಯರು ಸಾಲಾಗಿ ನಿಂತು ಅವಳಿಂದ ತಮ್ಮ ಜಡೆ ಮೂಸಿಸಿಕೊಂಡು, ಯಾರ ಮನೆಯ ಎಣ್ಣೆ ಯಾವುದು ಎಂದು ಆಟವಾಡುತ್ತಿದ್ದರು. ಕಲೆಕ್ಟರರ ಮನೆಯವರಾದರೂ ಸೊಪ್ಪು ಮಾರುವವಳಾದರೂ ಅವಳು ಒಂದೇ ಹುಮ್ಮಸ್ಸಿನಿಂದ ಮೂಸುತ್ತಿದ್ದಳು. ಸೀರೆಯ ಬೆಲೆ ನೋಡಿದ್ದು ನಾನು, ಅವಳಲ್ಲ. ಒಂದು ಒದ್ದೆ ಬಟ್ಟೆಯಿಂದ ಅವಳಿಗೆ ಸಿಗುವ ಸುಖ ನನಗೆ ರೇಷ್ಮೆಯಿಂದ ಸಿಕ್ಕಿಲ್ಲ. ಮುಂದಿನ ಶಿಬಿರದಲ್ಲಿ ಡಾಕ್ಟರಿಗೆ ಇದನ್ನೆಲ್ಲ ಹೇಳಿದೆ. ಹೇಳುವಾಗ 'ಇಂಥ ಮಕ್ಳು' ಎಂದು ಶುರು ಮಾಡಿ, ಅತ್ತಿಗೆಯ ಒಣ ಟವೆಲ್ಲು ನೆನಪಾಗಿ, 'ನಮ್ಮ ಶ್ರುತಿ' ಎಂದು ತಿದ್ದಿಕೊಂಡೆ.

ಶ್ರೀನಿಧಿಯ ವಿಷಯ ಹೇಳದಿದ್ದರೆ ಅನ್ಯಾಯ. ಮೀಸೆ ಮೂಡುವ ವಯಸ್ಸಿಗೆ ಅವನು ಒಂದು ದಿನ ತಾರೀಕು ಹೇಳುವುದನ್ನು ನಿಲ್ಲಿಸಿಬಿಟ್ಟ. ಬರುವುದಿಲ್ಲವೋ, ಬೇಡವೋ, ಯಾರಿಗೂ ಗೊತ್ತಿಲ್ಲ. ಯಾತ್ರಿಕರು, "ವರ ಹೋಯ್ತಂತೆ ಪಾಪ," ಎಂದು ಮಾತಾಡಿಕೊಂಡು ಕಾಯಿ ಬೇರೆ ಅಂಗಡಿಯಲ್ಲಿ ಕೊಂಡರು. ಅತ್ತಿಗೆ ಫೋನು ಮಾಡಿದಾಗ ಅಳುತ್ತಾರೆಂದುಕೊಂಡಿದ್ದೆ. "ಈಗ ಮಂಚದ ಮೇಲೇ ಮಲಗ್ತಾನೆ ಮಾರಾಯ್ತಿ," ಎಂದರು. ಆ ಪಂಚಾಂಗದ ಹುಡುಗನ ಮೇಲಿನ ನನ್ನ ಹೊಟ್ಟೆಕಿಚ್ಚು ಮಾತ್ರ, ಮಾಲೀಕ ಬಿಟ್ಟುಹೋದ ನಾಯಿಯ ಹಾಗೆ, ಇನ್ನೂ ಮನೆ ಕಾಯುತ್ತಿದೆ.

ಇವತ್ತು ಇದೆಲ್ಲ ನೆನಪಾಗುತ್ತಾ ಹಬ್ಬದ ಪಾತ್ರೆ ತೊಳೆದು ಮುಗಿಸುವ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ಶೆಟ್ಟಿಕೊಪ್ಪದಿಂದ ಬಂದವಳಂತೆ, ಒಬ್ಬಳು ಚಿಕ್ಕ ವಯಸ್ಸಿನ ತಾಯಿ; ಕಂಕುಳಲ್ಲಿ ಮೂರೋ ನಾಲ್ಕೋ ವರ್ಷದ ಹೆಣ್ಣುಮಗು. ಯಾರೋ ನನ್ನ ಹೆಸರು ಹೇಳಿ ಕಳಿಸಿದ್ದರು. ಅವಳು ಕುರ್ಚಿಯ ತುದಿಯಲ್ಲಿ ಕೂತು, ಕಾಫಿ ಮುಟ್ಟದೆ, "ಅಮ್ಮ, ಇಂಥ ಮಕ್ಳಿಗೆ ಎಂತದೋ ಒಂದು ಶಕ್ತಿ ಇರುತ್ತಂತಲ್ಲ. ಅದು ಯಾವಾಗ ಗೊತ್ತಾಗುತ್ತೆ?" ಎಂದು ಕೇಳಿದಳು.

ನಾನು, "ನಿಮ್ಮ ಮಗಳ ಹೆಸರೇನಮ್ಮ?" ಎಂದೆ.

"ಚಿನ್ಮಯಿ."

"ಚಿನ್ಮಯಿಗೆ ಎಂತ ಇಷ್ಟ?"

ಅವಳು ಬಾಯಿ ತೆರೆದಳು, ಮುಚ್ಚಿದಳು. ನರಸಿಂಹರಾಜಪುರದ ಸಾಲಿನಲ್ಲಿ ನಿಂತ ನನ್ನ ಹಾಗೆಯೇ. ಮಗು ಒಂದು ಕೈಯಲ್ಲಿ ಬಿಸ್ಕತ್ತು, ಇನ್ನೊಂದು ಕೈಯಲ್ಲಿ ತಾಯಿಯ ಕೊರಳ ಸರ ಹಿಡಿದಿತ್ತು. ಅಷ್ಟು ಹೊತ್ತಿಗೆ ಅದು ಅವಳ ಮುಖ ನೋಡಿ, ಸ್ಪಷ್ಟವಾಗಿ, "ಅಮ್ಮಾ," ಎಂದಿತು. ನನ್ನ ಮಗಳು ಆ ವಯಸ್ಸಿಗೆ ಹಾಗೆ ಎಂದಿರಲಿಲ್ಲ. ಬಂತು ನೋಡಿ ನನಗೆ, ಚುರುಕ್ಕೆಂದು. ತಾಯಿ ಅದನ್ನು ಗಮನಿಸಲೇ ಇಲ್ಲ. ಅವಳು ಕಿಟಕಿಯ ಹತ್ತಿರ ಕೂತಿದ್ದ ಶ್ರುತಿಯನ್ನು ನೋಡುತ್ತಿದ್ದಳು. ಮೂವತ್ತು ಸಮೀಪಿಸಿದ ನನ್ನ ಮಗಳು ಒದ್ದೆ ಟವೆಲ್ಲನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದಳು.

"ಎಷ್ಟು ಸಮಾಧಾನವಾಗಿ ಇದಾರೆ ಇವ್ರು," ಎಂದಳು. "ದೊಡ್ಡೋರಾದ್ಮೇಲೆ ಎಲ್ಲಾರೂ ಹೀಗೇ ಶಾಂತ ಆಗ್ತಾರಾ? ನೀವು ಪುಣ್ಯ ಮಾಡಿದೀರಿ ಬಿಡಿ."

ಅವಳ ಕಣ್ಣಿನಲ್ಲಿದ್ದದ್ದು ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೇಗೆ ಉತ್ತರ ಕೊಡಲಿ ಎಂದು ಯೋಚಿಸುತ್ತಿರುವಾಗಲೇ ಶ್ರುತಿ ಎದ್ದು ಬಂದಳು, ಮಗುವಿನ ಕೈಯಲ್ಲಿದ್ದ ಬಿಸ್ಕತ್ತು ಕಿತ್ತುಕೊಂಡಳು, ಒಮ್ಮೆ ಮೂಸಿ, ಬಾಯಿಗೆ ಹಾಕಿಕೊಂಡಳು. ಮಗು ಸೂರು ಹಾರುವ ಹಾಗೆ ಕಿರುಚಿತು. ಶ್ರುತಿ ಕಿವಿ ಮುಚ್ಚಿಕೊಂಡು ಅದಕ್ಕಿಂತ ಜೋರಾಗಿ ಕಿರುಚಿದಳು.

"ಅಯ್ಯೋ, ಇವ್ರೂ ಮಾಡ್ತಾರಾ?" ಎಂದಳು ತಾಯಿ.

"ಇವಳು ಮಾಡ್ತಾಳೆ. ನಿಮ್ಮ ಚಿನ್ಮಯಿ ಎಂತ ಮಾಡ್ತಾಳೋ ನಂಗೆ ಗೊತ್ತಿಲ್ಲಮ್ಮ," ಎಂದು ನಾನು ಬಿಸ್ಕತ್ತಿನ ಡಬ್ಬಿಯನ್ನೇ ತಂದು ಇಬ್ಬರ ನಡುವೆ ಇಟ್ಟೆ.

ಆ ತಾಯಿಗೆ ನಗು ಬಂತು. ನಗುತ್ತಲೇ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕೂತು, ಆರಿದ ಕಾಫಿ ಕೈಗೆತ್ತಿಕೊಂಡಳು. ನಾನು ಲೋಟ ಕಿತ್ತುಕೊಂಡು, ಬಿಸಿ ಮಾಡಿ ತರುತ್ತೇನೆಂದು ಒಳಗೆ ಹೋದೆ.